ಅಯಸ್ಕಾಂತ ಶಬ್ದದ ಅರ್ಥವಿಮರ್ಶೆ

ದೇಹದೊಳಗೆ ಕೂರಿಸಿದ ಕೃತಕ ಕೀಲು, ಲೋಹದ ಸಲಾಕೆ ಮೊದಲಾದುವುಗಳ ಸುತ್ತ ಬೇರೂರುವ ಸೋಂಕನ್ನು ಕಾಂತೀಯ ನ್ಯಾನೋಕಣಗಳಿಂದ ನೀಗುವ ವಿದ್ಯೆಯು ಸುಶ್ರುತನಿಗೆ ಮೊದಲೇ ತಿಳಿದಿತ್ತೆಂದು ಸಾಧಿಸಹೊರಟರೆ, ಆ ವಾದವು ಮೂಲಗ್ರಂಥದ ಮುಂದೆ ನಿಲ್ಲಲಾರದು.

ಸುಶ್ರುತಸಂಹಿತೆಯ ಸೂತ್ರಸ್ಥಾನದ 27ನೆಯ ಅಧ್ಯಾಯದಲ್ಲಿ ಶಲ್ಯವನ್ನು ಹೊರತೆಗೆಯುವ 15 ಉಪಾಯಗಳು ಉಕ್ತವಾಗಿವೆ, ಅಯಸ್ಕಾಂತವು ಅವುಗಳಲ್ಲೊಂದು. ಶಲ್ಯವು ನೇರವಾಗಿ ನಾಟಿರಬೇಕು, ಒಳಗೆ ಕಚ್ಚಿಕೊಂಡಿರಬಾರದು, ಅದಕ್ಕೆ ಕರ್ಣ, ಎಂದರೆ ಹಿಮ್ಮುಳ್ಳು, ಇರಬಾರದು, ವ್ರಣದ ಬಾಯಿ ಅಗಲವಾಗಿರಬೇಕು ಎಂಬಿವು ಅಲ್ಲಿಯ ನಿಯಮಗಳು. ಇದು ಕಬ್ಬಿಣದ ತುಂಡನ್ನು ಹೊರಕ್ಕೆಳೆಯುವ ಕ್ರಮ. ಇಂದಿನದಾದರೋ ಸೂಕ್ಷ್ಮಕಣಗಳನ್ನು ಸೋಂಕಿನೆಡೆಗೆ ಒಳಕ್ಕೊಯ್ಯುವ ಕ್ರಮ. ಅದು ಅಪಕರ್ಷಣ, ಇದು ಪ್ರಾಪಣ. ಸಾಧನವೊಂದಾದ ಮಾತ್ರಕ್ಕೆ ವ್ಯಾಪಾರವೂ ಒಂದಾಗದು.

ರೋಗಾಣುಗಳು ಲೋಹದ ಮೈಮೇಲೆ ಲೋಳೆಯ ಪೊರೆಯನ್ನು ಕಟ್ಟಿಕೊಳ್ಳುವುದರಿಂದ ಔಷಧಕ್ಕೆ ಸುಲಭವಾಗಿ ಮಣಿಯವು. ಎಷ್ಟೋ ವೇಳೆ ಕೂರಿಸಿದ ಲೋಹವನ್ನೇ ತೆಗೆಯಬೇಕಾಗುವುದು. ಕಣಗಳನ್ನು ಅಲ್ಲಿಗೊಯ್ದು, ದಿಕ್ಕು ಬದಲಿಸುತ್ತಿರುವ ಕಾಂತಕ್ಷೇತ್ರದಿಂದ ಕಾಯಿಸಿ ಆ ಪೊರೆಯನ್ನು ಕೆಡಿಸುವುದೇ ಇಲ್ಲಿಯ ಯುಕ್ತಿ. ಇದರ ಸಮೀಪದ ನಿದರ್ಶನವು ಬೆಂಗಳೂರಿನದೇ ಆಗಿದೆ. 2022ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು, ಕಬ್ಬಿಣ ಲೇಪಿಸಿದ ಸಿಲಿಕದ ಸುರುಳಿಗಳನ್ನು ಕಿತ್ತ ಹಲ್ಲುಗಳ ಸೂಕ್ಷ್ಮನಾಳಗಳಲ್ಲಿ 2000 ಮೈಕ್ರೋಮೀಟರಿನಷ್ಟು ಆಳಕ್ಕೆ ನಡೆಸಿ, ಶಾಖದಿಂದ ರೋಗಾಣುಗಳನ್ನು ಕೊಂದು ತೋರಿಸಿದರು. ಕೃತಕ ಕೀಲುಗಳ ವಿಷಯದಲ್ಲಿ ಈ ವಿದ್ಯೆ ಇನ್ನೂ ಪ್ರಯೋಗದಶೆಯಲ್ಲಿದೆ.

ಪರಿಭಾಷೆಯೂ ಪರೀಕ್ಷಾರ್ಹವಾಗಿದೆ. ಕಣವೊಂದರಲ್ಲಿ ಸಾವಿರಾರು ಪರಮಾಣುಗಳಿರುವುದರಿಂದ "ಅಣುಕಣ" ಎಂಬುದು ಅಸಾಧು. "ಅಯಸ್ಕಾಂತಕಣ" ಎಂಬುದೂ ಸಲ್ಲದು. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಶಿಲಾವಲಯದಲ್ಲಿ ದೊರೆಯುವ ಮ್ಯಾಗ್ನಟೈಟ್ ಅದಿರಿನ ಜಾತಿಯದೇ ಆದರೂ, ಸುಮಾರು 10 ನ್ಯಾನೋಮೀಟರಿನ ಕಣವು ಹೊರಗಿನ ಕ್ಷೇತ್ರವು ತೊಲಗಿದೊಡನೆ ಕಾಂತತ್ವವನ್ನು ಬಿಡುವುದು. ಆದುದರಿಂದಲೇ ಕಣಗಳು ಒಂದನ್ನೊಂದು ಸೆಳೆದು ಗಂಟುಕಟ್ಟುವುದು ತಪ್ಪುತ್ತದೆ. ಕುಮಾರಸಂಭವದ ದ್ವಿತೀಯ ಸರ್ಗದಲ್ಲಿ ಉಮೆ ಅಯಸ್ಕಾಂತದ ಸ್ಥಾನದಲ್ಲಿಯೂ ಶಿವನ ಮನಸ್ಸು ಲೋಹದ ಸ್ಥಾನದಲ್ಲಿಯೂ ನಿಂತಿವೆ. ಇಲ್ಲಿ ಕಣವು ಸೆಳೆಯಲ್ಪಡುವ ಲೋಹವೇ ಹೊರತು ಸೆಳೆಯುವ ಕಾಂತವಲ್ಲ. "ಕಾಂತವಶ್ಯಕಣ" ಎಂದರೆ ಅರ್ಥವು ನೇರ್ಪಡುವುದು.

ಈ ವಿವೇಕವು ಕೇವಲ ಶಬ್ದಕಲಹವಲ್ಲ. ತೊಡೆಯಲ್ಲಿ ಉಕ್ಕಿನ ಸಲಾಕೆಯನ್ನು ಹೊತ್ತ ಗೊರೂರಿನ ರೈತನಿಗೆ ಪ್ರಾಚೀನತೆಯ ಹೆಸರಿನಲ್ಲಿ ಕಾಂತದ ಬಳೆಯನ್ನು ಮಾರುವವನಿಗೆ ಆಸರೆಯಾಗುವುದು ಇಂಥ ಶಬ್ದಸಾಂಕರ್ಯವೇ. ಹಳ್ಳಿಯ ಬಾಳನ್ನು ಹಳ್ಳಿಗರಿಗೂ ತಿಳಿಯುವ ತಿಳಿಗನ್ನಡದಲ್ಲಿ ಹೇಳಬಹುದೆಂದು ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ತೋರಿಸಿಕೊಟ್ಟಿದ್ದಾರೆ. ಶಾಸ್ತ್ರಕಾರನೂ ಆ ದಾರಿ ಹಿಡಿದು, "ಸೂಜಿಗಲ್ಲು ನಡೆಸಿದತ್ತ ನಡೆಯುವ ಕಬ್ಬಿಣದ ಹುಡಿ" ಎಂದರೆ ಸುಶ್ರುತನಿಗೂ ಅಪಚಾರವಾಗದು, ರೋಗಿಗೂ ವಂಚನೆಯಾಗದು.