ಆರ್ಬ್ರೋತಿನ ಅರ್ಜಿ

ಉರ್ದು ಶಾಲೆಯಲ್ಲಿ ಖತ್ ಬರೆಯುವುದನ್ನು ಕಲಿಸುವಾಗ ಮೇಷ್ಟ್ರು ಮೊದಲು ಹೇಳಿಕೊಡುತ್ತಿದ್ದದ್ದು ಅಲ್ಕಾಬ್ ಮತ್ತು ಆದಾಬ್. ಯಾರಿಗೆ ಬರೆಯುತ್ತೇವೋ ಅವರ ಸ್ಥಾನಕ್ಕೆ ತಕ್ಕ ಸಂಬೋಧನೆ, ಆಮೇಲೆ ಸಲಾಮು, ಅದಾದ ಮೇಲಷ್ಟೇ ವಿಷಯ. ದೊಡ್ಡವರಿಗೆ ಬರೆಯುವ ಅರ್ಜಿಯಾದರೆ ಅರ್ಧ ಪುಟ ಅದಕ್ಕೇ ಹೋಗುತ್ತಿತ್ತು. ಸ್ಕಾಟ್ಲೆಂಡಿನ ಆರ್ಬ್ರೋತ್ ಮಠದಿಂದ 1320ರ ಏಪ್ರಿಲ್ 6ರ ತಾರೀಖಿನಲ್ಲಿ ಹೊರಟ ಲ್ಯಾಟಿನ್ ಪತ್ರವೊಂದನ್ನು ಇಂಗ್ಲಿಷ್ ಅನುವಾದದಲ್ಲಿ ಓದುವಾಗ ನನಗೆ ಆ ಪಾಠ ನೆನಪಾಯಿತು. ಲೋಕ ಇದನ್ನು 'ಆರ್ಬ್ರೋತ್ ಘೋಷಣೆ' ಎಂದು ಕರೆದು ಸ್ವಾತಂತ್ರ್ಯದ ಆದಿಗ್ರಂಥಗಳ ಸಾಲಿನಲ್ಲಿ ಇಟ್ಟಿದೆ. ಆದರೆ 'ಘೋಷಣೆ' ಎಂಬ ಹೆಸರು ಅದಕ್ಕೆ ಬಂದದ್ದು ಬಹಳ ಈಚೆಗೆ. ಓದಿದರೆ ಅದು ಅವಿನ್ಯೋನ್‌ನಲ್ಲಿದ್ದ ಪೋಪ್ ಇಪ್ಪತ್ತೆರಡನೆಯ ಜಾನ್ ಅವರಿಗೆ ಸಲ್ಲಿಸಿದ ಒಂದು ಅರ್ಜಿ. ಪಾದಗಳಿಗೆ ಮುತ್ತಿಡುವ ವಿನಯದಿಂದಲೇ ಅದು ಶುರುವಾಗುತ್ತದೆ.

ಅರ್ಜಿ ಬರೆಯುವ ಪ್ರಸಂಗ ಬಂದದ್ದೇಕೆ? ರಾಬರ್ಟ್ ಬ್ರೂಸ್ 1306ರಲ್ಲಿ ತನ್ನ ಪ್ರತಿಸ್ಪರ್ಧಿ ಜಾನ್ ಕಾಮಿನ್‌ನನ್ನು ಡಮ್‌ಫ್ರೀಸ್‌ನ ಚರ್ಚಿನೊಳಗೇ ಕೊಂದು, ಕೆಲವೇ ವಾರಗಳಲ್ಲಿ ಕಿರೀಟ ಧರಿಸಿದ. 1314ರಲ್ಲಿ ಬ್ಯಾನಕ್‌ಬರ್ನ್‌ನಲ್ಲಿ ಇಂಗ್ಲೆಂಡಿನ ಎರಡನೆಯ ಎಡ್ವರ್ಡನ ಸೇನೆಯನ್ನು ಸೋಲಿಸಿದ. ಯುದ್ಧವಿರಾಮ ಪಾಲಿಸಿರೆಂದು ಪೋಪರು ಹೇಳಿದ್ದರೂ ಕೇಳದೆ 1318ರಲ್ಲಿ ಬೆರಿಕ್ ಪಟ್ಟಣವನ್ನು ವಶಪಡಿಸಿಕೊಂಡ. ಪೋಪರ ಕಣ್ಣಿನಲ್ಲಿ ಅವನು ರಾಜನೇ ಅಲ್ಲ, ಚರ್ಚಿನಿಂದ ಬಹಿಷ್ಕೃತನಾದ ಅಪರಾಧಿ. ಅವನ ಪರವಾಗಿ ವಾದಿಸಲು ಎಂಟು ಅರ್ಲ್‌ಗಳು, ಮೂವತ್ತೊಂದು ಬ್ಯಾರನ್‌ಗಳು, ಒಟ್ಟು 39 ಜನರ ಹೆಸರಿನಲ್ಲಿ ಈ ಪತ್ರ ತಯಾರಾಯಿತು. ಅವರ ಹಿಂದೆ 'ಇಡೀ ರಾಜ್ಯದ ಸಮುದಾಯ'ವೂ ಇದೆ ಎಂದು ಪತ್ರ ಹೇಳುತ್ತದೆ. ಆ ಸಮುದಾಯದಲ್ಲಿ ಹೊಲ ಉಳುವವರನ್ನು ಯಾರಾದರೂ ಕೇಳಿದ್ದರೇ ಎಂಬ ಪ್ರಶ್ನೆಗೆ ಪತ್ರದಲ್ಲಿ ಉತ್ತರ ಹುಡುಕಬೇಡಿ.

ಈ ಪತ್ರದಿಂದ ಎಲ್ಲರೂ ಎತ್ತಿಕೊಳ್ಳುವುದು ಒಂದೇ ಮಾತನ್ನು. ಕೊನೆಗೆ ನೂರೇ ಜನ ಉಳಿದರೂ ಇಂಗ್ಲಿಷರಿಗೆ ತಲೆಬಾಗುವುದಿಲ್ಲ, ನಾವು ಹೋರಾಡುವುದು ಹಣಕ್ಕಲ್ಲ, ಕೀರ್ತಿಗಲ್ಲ, ಸ್ವಾತಂತ್ರ್ಯಕ್ಕೆ ಎಂಬ ಅರ್ಥದ ಮಾತು ಅದು. ಅದರ ಧಾಟಿ ರೋಮಿನ ಚರಿತ್ರಕಾರ ಸಾಲಸ್ಟ್‌ನಿಂದ ಬಂದದ್ದೆಂದು ಬಲ್ಲವರು ತೋರಿಸಿದ್ದಾರೆ. ಅದೇನೂ ತಪ್ಪಲ್ಲ, ಒಳ್ಳೆಯ ಮಾತನ್ನು ಯಾರಿಂದ ಬೇಕಾದರೂ ಪಡೆಯಬಹುದು. ಅಮೆರಿಕದ ಸೆನೆಟ್ 1998ರಲ್ಲಿ ಒಂದು ಠರಾವು ಮಾಡಿ, ತಮ್ಮ ಸ್ವಾತಂತ್ರ್ಯ ಘೋಷಣೆಗೆ ಇದೇ ಮಾದರಿ ಎಂದುಬಿಟ್ಟಿತು. ಚರಿತ್ರಕಾರರಲ್ಲಿ ಹಲವರು ಅದನ್ನು ಒಪ್ಪುವುದಿಲ್ಲ.

ನನ್ನ ತಕರಾರು ಬೇರೆ. ಒಂದು ವಾಕ್ಯವನ್ನು ಕಿತ್ತು ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿದವರು ಉಳಿದ ಪತ್ರವನ್ನು ಓದಿದ್ದಾರೆಯೇ? ಆರಂಭದಲ್ಲೇ ಒಂದು ವಂಶಪುರಾಣವಿದೆ. ಸ್ಕಾಟರು ಸಿಥಿಯಾದಿಂದ ಹೊರಟು, ಸ್ಪೇನಿನಲ್ಲಿ ಬಹುಕಾಲ ನೆಲೆಸಿ, ಇಸ್ರಾಯೀಲರು ಕೆಂಪು ಸಮುದ್ರ ದಾಟಿದ 1200 ವರ್ಷಗಳ ನಂತರ ಈಗಿನ ನಾಡಿಗೆ ಬಂದರಂತೆ. ಬಂದವರು ಬ್ರಿಟನ್ನರನ್ನು ಓಡಿಸಿದರು, ಪಿಕ್ಟರನ್ನು ಸಂಪೂರ್ಣ ನಾಶ ಮಾಡಿದರು ಎಂದು ಪತ್ರ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತದೆ. ಆಮೇಲೆ 113 ರಾಜರ ಅಖಂಡ ಪರಂಪರೆ, ನಡುವೆ ಒಬ್ಬನೂ ಪರಕೀಯನಿಲ್ಲ. ಇದನ್ನು ಬರೆಸಿದ ರಾಜನ ಮನೆತನವೇ ನಾರ್ಮಂಡಿಯಿಂದ ಬಂದದ್ದು! ಪಿಕ್ಟರು ಕೂಡ ನಾಶವಾಗಲಿಲ್ಲ, ಸ್ಕಾಟರೊಂದಿಗೆ ಬೆರೆತುಹೋದರು ಎಂಬುದು ಇಂದಿನ ಚರಿತ್ರಕಾರರ ಅಭಿಪ್ರಾಯ. ಬೆರೆತೆವು ಎಂದು ಹೇಳಿಕೊಳ್ಳುವುದಕ್ಕಿಂತ ಕೊಂದೆವು ಎಂದು ಹೇಳಿಕೊಳ್ಳುವುದು ಅರ್ಜಿದಾರರಿಗೆ ಹೆಚ್ಚು ಗೌರವದ್ದಾಗಿ ಕಂಡಿರಬೇಕು. ತಮ್ಮ ಮೇಲೆ ಮೊದಲನೆಯ ಎಡ್ವರ್ಡ್ ನಡೆಸಿದ ಕೊಲೆ, ಬೆಂಕಿ, ಲೂಟಿಯನ್ನು ಮುಂದಿನ ಸಾಲುಗಳಲ್ಲೇ ಕಣ್ಣೀರಿಟ್ಟು ವರ್ಣಿಸಿದವರೂ ಅವರೇ.

ಇನ್ನು ಕೊನೆಯ ಭಾಗ. ದೇವರ ಎದುರಿನಲ್ಲಿ ಯಹೂದಿ, ಗ್ರೀಕ, ಸ್ಕಾಟ, ಇಂಗ್ಲಿಷ ಎಂಬ ಭೇದವಿಲ್ಲ ಎಂದು ಪೋಪರಿಗೆ ನೆನಪಿಸಿದ ಲೇಖನಿಯೇ ಇಲ್ಲಿ ಬೇರೆ ದಾರಿ ಹಿಡಿಯುತ್ತದೆ. ಪೇಗನ್ನರು ಕ್ರೈಸ್ತರ ಮೇಲೆ ಎರಗುತ್ತಿದ್ದಾರೆ, ಇಂಗ್ಲೆಂಡಿನ ರಾಜ ನಮ್ಮನ್ನು ನೆಮ್ಮದಿಯಿಂದ ಬಿಟ್ಟರೆ ನಾವೂ ನಮ್ಮ ರಾಜನೂ ಸಂತೋಷದಿಂದ ಪವಿತ್ರ ಭೂಮಿಗೆ ಹೊರಡುತ್ತೇವೆ ಎನ್ನುತ್ತದೆ. ಪೋಪ್ ಜಾನರ ಮನಸ್ಸಿನಲ್ಲಿ ಹೊಸ ಶಿಲುಬೆ ಯುದ್ಧದ ಯೋಚನೆ ಇದ್ದುದರಿಂದ ಇದು ಸರಿಯಾದ ಗುರಿಗೆ ಬಿಟ್ಟ ಬಾಣ. ಆ 'ಪೇಗನ್ನರು' ಯಾರೆಂದು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಸ್ವಾತಂತ್ರ್ಯವನ್ನು ಒಪ್ಪಿಕೊಳ್ಳಿ, ಬದಲಿಗೆ ಇನ್ನೊಂದು ನಾಡಿನ ಮೇಲೆ ಯುದ್ಧಕ್ಕೆ ಬರುತ್ತೇವೆ ಎಂಬ ವ್ಯವಹಾರವಿದು. ಬರಿಯ ಮಾತಾಗಿಯೂ ಇದು ಉಳಿಯಲಿಲ್ಲ. 1329ರಲ್ಲಿ ಬ್ರೂಸ್ ಸತ್ತಾಗ ಅವನ ಇಚ್ಛೆಯಂತೆ ಹೃದಯವನ್ನು ಹೊರತೆಗೆದು, ಜೇಮ್ಸ್ ಡಗ್ಲಸ್ ಅದನ್ನು ಹೊತ್ತುಕೊಂಡು ಹೊರಟ. ಪವಿತ್ರ ಭೂಮಿಯನ್ನು ಅವನು ಮುಟ್ಟಲಿಲ್ಲ. 1330ರ ಆಗಸ್ಟ್‌ನಲ್ಲಿ ಸ್ಪೇನಿನ ತೇಬಾದಲ್ಲಿ, ಗ್ರನಾಡದ ಮುಸ್ಲಿಮರ ವಿರುದ್ಧ ಕ್ಯಾಸ್ಟೀಲಿನ ರಾಜನ ಪರವಾಗಿ ಕಾದಾಡುತ್ತ ಸತ್ತ. ಹೃದಯ ಮಾತ್ರ ವಾಪಸು ಬಂದು ಮೆಲ್ರೋಸ್ ಮಠದಲ್ಲಿ ಮಣ್ಣಾಯಿತು. (2016ರಲ್ಲಿ ಕಿಲ್ಟ್ ತೊಟ್ಟು ಸ್ಕಾಟ್ಲೆಂಡಿನ ಪಾರ್ಲಿಮೆಂಟಿನಲ್ಲಿ ಇಂಗ್ಲಿಷಿನ ಜೊತೆಗೆ ಉರ್ದುವಿನಲ್ಲೂ ಪ್ರಮಾಣವಚನ ತೆಗೆದುಕೊಂಡ ಹಮ್ಜಾ ಯೂಸುಫ್, 2023ರಲ್ಲಿ ಅಲ್ಲಿನ ಫಸ್ಟ್ ಮಿನಿಸ್ಟರ್ ಆದರು, ಸ್ವಾತಂತ್ರ್ಯ ಬೇಡುವ ಪಕ್ಷದ ನಾಯಕರಾಗಿಯೇ. ಅರ್ಜಿ ಬರೆದವರು ಇದನ್ನು ಕನಸಿನಲ್ಲೂ ಕಂಡಿರಲಾರರು.)

ಹಾಗಾದರೆ ಪತ್ರವನ್ನು ಮಡಚಿ ಬದಿಗಿಡೋಣವೇ? ನಾನು ಒಪ್ಪುವುದಿಲ್ಲ. ಅದರಲ್ಲಿ ನಿಜಕ್ಕೂ ಹೊಸತಾದ ಮಾತೊಂದಿದೆ, ನೂರು ಜನರ ಮಾತಿಗಿಂತ ಸ್ವಲ್ಪ ಮೊದಲು ಬರುತ್ತದೆ. ನಮ್ಮ ರಾಬರ್ಟನೇ ಮನಸ್ಸು ಬದಲಿಸಿ ರಾಜ್ಯವನ್ನು ಇಂಗ್ಲೆಂಡಿಗೆ ಒಪ್ಪಿಸಲು ಹೊರಟರೆ ಅವನನ್ನು ಶತ್ರುವೆಂದು ಹೊರದಬ್ಬಿ ಬೇರೊಬ್ಬನನ್ನು ರಾಜನಾಗಿ ಮಾಡಿಕೊಳ್ಳುತ್ತೇವೆ ಎನ್ನುತ್ತಾರೆ. ಅವನು ರಾಜನಾಗಿರುವುದು ದೈವಕೃಪೆ, ಉತ್ತರಾಧಿಕಾರದ ಜೊತೆಗೆ ನಮ್ಮೆಲ್ಲರ ಸಮ್ಮತಿಯಿಂದ ಎಂದೂ ಸೇರಿಸುತ್ತಾರೆ. ರಾಜನ ಕಡೆಯವರೇ ಬರೆದ ಕಾಗದದಲ್ಲಿ, ರಾಜ ಕೇಳುತ್ತಿರುವಾಗಲೇ, ಈ ಷರತ್ತು! ಕಾಮಿನ್‌ನ ರಕ್ತದ ಕಲೆಯಿದ್ದ ಕಿರೀಟವನ್ನು ಸಮರ್ಥಿಸಿಕೊಳ್ಳಲು ಬಳಸಿದ ವಕೀಲರ ಜಾಣತನ ಇದು ಎನ್ನುವವರಿದ್ದಾರೆ. ಇರಬಹುದು. ಆದರೆ ಬರೆದವರ ಉದ್ದೇಶದೊಳಗೇ ಉಳಿಯುವ ಮಾತನ್ನು ಏಳುನೂರು ವರ್ಷ ಯಾರೂ ಓದುವುದಿಲ್ಲ.

ಬರೆದವರೇ ಅದನ್ನು ತಾಳಿಕೊಂಡಿದ್ದರೆ ಚೆನ್ನಾಗಿತ್ತು. ಪತ್ರ ಹೋಗಿ ನಾಲ್ಕೇ ತಿಂಗಳಿಗೆ, 1320ರ ಆಗಸ್ಟ್‌ನಲ್ಲಿ, ಸ್ಕೋನ್‌ನಲ್ಲಿ ಸೇರಿದ ಪಾರ್ಲಿಮೆಂಟು ಬ್ರೂಸನ ವಿರುದ್ಧ ಸಂಚು ಹೂಡಿದವರ ವಿಚಾರಣೆ ನಡೆಸಿತು. ಜನ ಅದನ್ನು 'ಕರಾಳ ಪಾರ್ಲಿಮೆಂಟು' ಎಂದು ಕರೆದರು. ವಿಲಿಯಂ ಸೂಲಿಸ್‌ಗೆ ಸೆರೆವಾಸ. ರೋಜರ್ ಮೌಬ್ರೆ ವಿಚಾರಣೆಗೆ ಮೊದಲೇ ಸತ್ತಿದ್ದರಿಂದ ಅವನ ಹೆಣವನ್ನೇ ತಂದು ವಿಚಾರಣೆ ಮಾಡಿದರು. ಬ್ರೆಕಿನ್‌ನ ಡೇವಿಡ್‌ಗೆ ಮರಣದಂಡನೆ. ಸಂಚಿನ ವಿಷಯ ತಿಳಿದೂ ಹೇಳಲಿಲ್ಲ ಎಂಬುದು ಅವನ ಅಪರಾಧ. ಈ ಮೂವರ ಹೆಸರೂ ಏಪ್ರಿಲ್ 6ರ ಅರ್ಜಿಯಲ್ಲಿದೆ.

ಪೋಪರಿಗೆ ಕಳಿಸಿದ ಪ್ರತಿ ಕಳೆದುಹೋಗಿದೆ. ಸ್ಕಾಟ್ಲೆಂಡಿನಲ್ಲಿ ಉಳಿದ ಪ್ರತಿಯನ್ನು ಎಡಿನ್‌ಬರೋದ ದಫ್ತರಖಾನೆಯಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಅದರ ಅಡಿಯಲ್ಲಿ ತೂಗುತ್ತಿದ್ದ ಮೊಹರುಗಳಲ್ಲಿ 19 ಮಾತ್ರ ಉಳಿದಿವೆ. 2023ರಲ್ಲಿ ಕೆಲವು ವಾರ ಅದನ್ನು ಸಾರ್ವಜನಿಕರ ಪ್ರದರ್ಶನಕ್ಕೆ ಇಟ್ಟಿದ್ದರು.