ರೂಬೇನನ ನೋಟಕ್ಕೆ ಯಾವ ತಿಂಗಳು?

ಹೀಬ್ರೂ ತಿಂಗಳಿಗೊಂದರಂತೆ ಇಸ್ರಾಯೇಲಿನ ಕುಲಗಳನ್ನು ಹೊಂದಿಸುವ ಬೋಧನೆಗೆ ಈಗ ಸಿಗುತ್ತಿರುವ ಮನ್ನಣೆ ಅದರ ಯೋಗ್ಯತೆಯನ್ನು ಮೀರಿದೆ. ನೀಸಾನ್ ಯೆಹೂದನದು, ಇಯಾರ್ ಇಸ್ಸಾಕಾರನದು, ತಮ್ಮೂಜ್ ರೂಬೇನನದು. ಕುಲದ ಗುಣವೇ ತಿಂಗಳ ಗುಣ. ಇದನ್ನು ಬಿರುಕಿಲ್ಲದ ಒಂದೇ ಪರಂಪರೆಯೆಂದು ಕಲಿಸಲಾಗುತ್ತಿದೆ. ಆದರೆ ಈ ಪಟ್ಟಿ ಅರಣ್ಯಕಾಂಡದ 2ನೇ ಅಧ್ಯಾಯದ ಪಾಳೆಯವನ್ನು ಪೂರ್ವದಿಂದ ಸುತ್ತಿ ಬಂದದ್ದು. ಹುಟ್ಟಿದ ಕ್ರಮ ಹಿಡಿದವರಿಗೆ ನೀಸಾನ್ ರೂಬೇನನದೇ.

ಬೋಧಕರು ಹೆಚ್ಚು ನೆಚ್ಚುವ ಜಾಗ ತಮ್ಮೂಜ್. ತನ್ನ ಸಂಕಟವನ್ನು ದೇವರು ಕಂಡನೆಂದು ಯಾಕೋಬನ ಹೆಂಡತಿ ಲೇಯಾ ಚೊಚ್ಚಲ ಮಗನಿಗೆ ರೂಬೇನನೆಂದು ಹೆಸರಿಟ್ಟಳು. ಕೇಳಿಸಿಕೊಂಡನೆಂದು ಎರಡನೆಯವನಿಗೆ ಸಿಮೆಯೋನನೆಂದಳು. ಯೆಹೂದಿ ಅನುಭಾವ ಗ್ರಂಥ ‘ಸೇಫೆರ್ ಯೆತ್ಸಿರಾ’ ಹೀಬ್ರೂವಿನ ಹನ್ನೆರಡು ಸರಳಾಕ್ಷರಗಳಿಗೆ ತಿಂಗಳು, ರಾಶಿ, ಅಂಗ, ಶಕ್ತಿಗಳನ್ನು ಕೊಡುತ್ತದೆ. ವಿಲ್ನಾದ ಗಾವೋನರು ವ್ಯಾಖ್ಯಾನಿಸಿದ ಪಾಠದಲ್ಲಿ ತಮ್ಮೂಜಿಗೆ ನೋಟ, ಮುಂದಿನ ಆವ್‌ಗೆ ಶ್ರವಣ. ಪಾಳೆಯದ ಕ್ರಮದಲ್ಲಿ ಆವ್ ಸಿಮೆಯೋನನದು. ಎರಡೂ ಕೂಡಿಬಂದವು ಎಂದು ವ್ಯಾಖ್ಯಾನಕಾರರು ಅಲ್ಲಿಗೇ ನಿಲ್ಲುತ್ತಾರೆ.

ನಿಲ್ಲಬಾರದಿತ್ತು. ಅದೇ ಗ್ರಂಥದ ಇನ್ನೊಂದು ಪಾಠದಲ್ಲಿ ಶಕ್ತಿಗಳ ಪಟ್ಟಿ ಶುರುವಾಗುವುದೇ ನೋಟ ಮತ್ತು ಶ್ರವಣದಿಂದ. ಆಗ ನೋಟ ನೀಸಾನಿಗೆ, ಶ್ರವಣ ಇಯಾರಿಗೆ. ಇದಕ್ಕೆ ಹುಟ್ಟಿದ ಕ್ರಮವನ್ನು ಜೋಡಿಸಿ ನೋಡಿ: ಮತ್ತೆ ರೂಬೇನನಿಗೆ ನೋಟ, ಸಿಮೆಯೋನನಿಗೆ ಶ್ರವಣ! ತಿಂಗಳು ಬದಲಾಯಿತು, ಹೊಂದಿಕೆ ಕದಲಲಿಲ್ಲ. ಹಾಗಾದರೆ ತಮ್ಮೂಜಿನ ಗುಟ್ಟೆಂದು ಹೇಳುತ್ತಿದ್ದುದು ತಮ್ಮೂಜಿನದಲ್ಲ. ನೋಟದ ಹಿಂದೆಯೇ ಶ್ರವಣ, ರೂಬೇನನ ಹಿಂದೆಯೇ ಸಿಮೆಯೋನ. ಜೋಡಿ ಎಲ್ಲಿ ಕೂತರೂ ಹೊಂದುತ್ತದೆ. ಅರ್ಥ ಹುಟ್ಟುತ್ತಿರುವುದು ಲೇಯಾಳ ಮಾತಿನಲ್ಲಿ, ಪಂಚಾಂಗದಲ್ಲಲ್ಲ.

ಇದೆಲ್ಲ ಬಾಬಿಲೋನಿನ ಜ್ಯೋತಿಷ್ಯದ ಎರವಲು ಎಂದು ತಳ್ಳಿಹಾಕುವ ವಿಮರ್ಶಕರನ್ನೂ ನಾನು ಒಪ್ಪಲಾರೆ. ತಿಂಗಳ ಹೆಸರುಗಳು ಬಾಬಿಲೋನಿನಿಂದ ಬಂದವೆಂದು ಜೆರುಸಲೇಮ್ ತಾಲ್ಮುದ್ ತಾನೇ ಹೇಳಿದೆ. ಅದನ್ನು ಬಯಲಿಗೆಳೆಯುವ ಸಾಹಸ ಯಾರಿಗೂ ಬೇಕಿಲ್ಲ. ಎರವಲೆಂದ ಮಾತ್ರಕ್ಕೆ ಓದು ಸುಳ್ಳಾಗದು. ಡಿನೋವಿನ ರಬ್ಬಿ ತ್ಸ್ವಿ ಎಲಿಮೆಲೆಖ್ (1783–1841) ತಿಂಗಳುಗಳ ಮೇಲಿನ ತಮ್ಮ ಗ್ರಂಥಕ್ಕೆ ಕಾಲಜ್ಞರೆಂದು ಹೆಸರಾದ ಇಸ್ಸಾಕಾರನ ಮಕ್ಕಳ ಹೆಸರನ್ನೇ ಇಟ್ಟರು. ಹೆಸರಿನೊಳಗೆ ಕಾಲವನ್ನು ಕೇಳಿಸಿಕೊಳ್ಳುವ ಆ ಕಿವಿಯನ್ನು ಜ್ಯೋತಿಷ್ಯವೆಂದು ಕರೆಯುವುದು ಸೋಮಾರಿತನ.

ನನ್ನ ತಕರಾರು ಪಟ್ಟಿಯ ಮೇಲೆ. ಯೋಸೇಫನನ್ನು ಎಫ್ರಾಯೀಮ್, ಮನಸ್ಸೆ ಎಂದು ಎರಡಾಗಿಸಿ, ಲೇವಿಯನ್ನು ಹೊರಗಿಟ್ಟರೆ ಮಾತ್ರ ಪಾಳೆಯದ ಹನ್ನೆರಡು ಸರಿಹೋಗುತ್ತದೆ. 19 ವರ್ಷಕ್ಕೆ 7 ಸಲ ಬರುವ ಹದಿಮೂರನೆಯ ತಿಂಗಳು ಆ ಲೆಕ್ಕವನ್ನೂ ಕೆಡಿಸುತ್ತದೆ. ಏನ್ ಗೇದಿಯ ಪ್ರಾಚೀನ ಸಿನಗಾಗ್‌ನ ನೆಲದ ಮೊಸಾಯಿಕ್‌ನಲ್ಲಿ ಹನ್ನೆರಡು ರಾಶಿಗಳನ್ನೂ ಹನ್ನೆರಡು ತಿಂಗಳುಗಳನ್ನೂ ಹೆಸರಿಸಿ ಬರೆದಿದ್ದಾರೆ. ಕುಲಗಳ ಹೆಸರು ಅಲ್ಲಿಲ್ಲ.