ಬನವಾಸಿಯ ನೆನಪು: ವೇಮುಲವಾಡದ ನೆಲೆಯಿಂದ

ಪಂಪನ ‘ವಿಕ್ರಮಾರ್ಜುನವಿಜಯ’ದ ನಾಲ್ಕನೆಯ ಆಶ್ವಾಸದಲ್ಲಿ ಬರುವ ಬನವಾಸಿಯ ಪದ್ಯಗಳನ್ನು ನಾಡಪ್ರೇಮದ ಉದ್ಗಾರಗಳೆಂದು ಓದುವುದು ರೂಢಿಯಾಗಿದೆ. 1998ರಲ್ಲಿ ಸೈಬರ್ ಟವರ್ಸ್ ತೆರೆದ ಮೇಲೆ ಉದ್ಯೋಗವನ್ನರಸಿ ಹೈದರಾಬಾದಿನ ಮಾದಾಪುರಕ್ಕೆ ಬಂದು ನೆಲಸಿದ ಕನ್ನಡಿಗರಿಗೂ ಅವು ಊರ ನೆನಪಿನ ಪದ್ಯಗಳೇ. ಅದರಲ್ಲಿ ತಪ್ಪೇನಿಲ್ಲ. ಆದರೆ ಇಂದಿನ ತೆಲಂಗಾಣಕ್ಕೆ ಸೇರಿದ ವೇಮುಲವಾಡದ ಆಸ್ಥಾನದಲ್ಲಿ, ಕವಿಯ ಒಡೆಯನು ಬನವಾಸಿಯ ಸಾರ್ವಭೌಮನೊಡನೆ ಕಾದಿದ ಕೆಲವೇ ವರ್ಷಗಳ ಅನಂತರ ಅವು ಹುಟ್ಟಿದವೆಂಬುದನ್ನು ನಮ್ಮ ವಿಮರ್ಶೆ ಮರೆತಂತಿದೆ.

ಆಧಾರ ಕಾವ್ಯದಲ್ಲಿಯೇ ಇದೆ. ರಾಷ್ಟ್ರಕೂಟ ಚಕ್ರವರ್ತಿ ನಾಲ್ಮಡಿ ಗೋವಿಂದನ ಮುನಿಸಿಗೆ ಗುರಿಯಾದ ವಿಜಯಾದಿತ್ಯನಿಗೆ ಅರಿಕೇಸರಿ ಆಶ್ರಯವಿತ್ತುದು, ದಂಡೆತ್ತಿ ಬಂದ ಮಹಾಸಾಮಂತರನ್ನು ಸೋಲಿಸಿದುದು, ಬದ್ದೆಗನಿಗೆ ಸಾಮ್ರಾಜ್ಯವನ್ನು ದೊರಕಿಸಿದುದು, ಇವೆಲ್ಲ ಒಂಬತ್ತನೆಯ ಆಶ್ವಾಸದ ಗದ್ಯದಲ್ಲಿ ಉಕ್ತವಾಗಿವೆ. ಇದು ಕ್ರಿ.ಶ. 935ರ ಸುಮಾರಿನ ಸಂಗತಿ. ಬನವಾಸಿ ಆಗ ರಾಷ್ಟ್ರಕೂಟರ ಅಧೀನದ ಪ್ರಾಂತ. ಕಾವ್ಯ ರಚಿತವಾಗುವ ವೇಳೆಗೆ ಕಲಹ ಅಡಗಿತ್ತು, ನಿಜ, ನೆನಪು ಆರಿರಲಾರದು. ಆದರೂ ಪಂಪನ ಬನವಾಸಿಯಲ್ಲಿ ದಂಡಿನ ಸುಳಿವಿಲ್ಲ. ಅಲ್ಲಿರುವುದು ಮಾವು, ವೀಳ್ಯದ ಬಳ್ಳಿ, ಸಂಪಗೆ, ಕೋಗಿಲೆ, ಪ್ರಣಯಿಗಳು.

ಇದನ್ನು ಆಸ್ಥಾನಕವಿಯ ಜಾಣಮೌನವೆಂದು ಬದಿಗೊತ್ತುವುದು ಸುಲಭ. ನಾವು ಹಾಗೆ ತಿಳಿಯುವುದಿಲ್ಲ. ಬನವಾಸಿಯನ್ನು ಕಂಡು ಮೆಚ್ಚುವವನು ಅರ್ಜುನ; ಪಂಪನ ಅರ್ಜುನನು ಅರಿಕೇಸರಿಯಿಂದ ಅಭಿನ್ನ. ನೆನ್ನೆ ಎದುರಾಳಿಯ ವಶದಲ್ಲಿದ್ದ ನಾಡನ್ನು ಒಡೆಯನ ಕಣ್ಣಿನಿಂದಲೇ ನೋಡಿಸಿ, ಅವನನ್ನೂ ತನ್ನ ಹಂಬಲದಲ್ಲಿ ಪಾಲುಗಾರನನ್ನಾಗಿಸಿದ ಕವಿಯ ದಿಟ್ಟತನ ಸಾಮಾನ್ಯವಾದುದಲ್ಲ.

ಇನ್ನೊಂದು ಸೂಕ್ಷ್ಮವಿದೆ. ವ್ಯಾಸಭಾರತದಲ್ಲಿ ಅರ್ಜುನನ ಈ ಸಂಚಾರ ದ್ರೌಪದಿಯ ವಿಷಯದ ಒಪ್ಪಂದವನ್ನು ಮೀರಿದ್ದಕ್ಕಾಗಿ ಒದಗಿದ ವನವಾಸ. ಪಂಪನಲ್ಲಿ ದ್ರೌಪದಿ ಅರ್ಜುನನೊಬ್ಬನ ಪತ್ನಿಯಾದುದರಿಂದ ಆ ಕಾರಣಕ್ಕೆ ಎಡೆಯೇ ಇಲ್ಲ. ಕಥೆಯಿಂದ ಹೊರಬಿದ್ದ ಗಡೀಪಾರಿನ ವೇದನೆ ವರ್ಣನೆಯೊಳಗೆ ಬಂದು ಸೇರಿತೆನ್ನಬಹುದು. ಪಂಪನನ್ನು ಯಾರಾದರೂ ನಾಡಿನಿಂದ ಅಟ್ಟಿದರೆಂಬುದಕ್ಕೆ ಪ್ರಮಾಣವಿಲ್ಲ. ಅವನ ಪೂರ್ವಿಕರು ವೆಂಗಿಯವರು, ತಾಯಿ ಅಣ್ಣಿಗೇರಿಯ ಜೋಯಿಸನ ಮೊಮ್ಮಗಳು ಎಂಬುದು ತಮ್ಮ ಜಿನವಲ್ಲಭನ ಕುರಿಕ್ಯಾಲ ಶಾಸನದಿಂದ ತಿಳಿಯುತ್ತದೆ. ವೆಂಗಿ, ಅಣ್ಣಿಗೇರಿ, ವೇಮುಲವಾಡ, ಇವು ಮೂರನ್ನೂ ಬಿಟ್ಟು ಬನವಾಸಿಯನ್ನೇ ಅವನು ತನ್ನ ನಾಡಾಗಿ ಆರಿಸಿಕೊಂಡನು.

ಅಂಕುಶದ ಪ್ರತಿಮೆಯನ್ನಂತೂ ನಾವು ತೀರ ಹಗುರವಾಗಿ ಓದಿದ್ದೇವೆ. ಅಂಕುಶ ತೋಟದ ಉಪಕರಣವಲ್ಲ; ರಣರಂಗದ ಆನೆಯನ್ನು ಹದದಲ್ಲಿಡುವ ಕಬ್ಬಿಣ. ದಂಡಿನ ಗುರುತೇ ಇಲ್ಲದ ವರ್ಣನೆಯೊಳಗೆ ಯುದ್ಧ ನುಸುಳುವುದು ಈ ಒಂದೇ ಮಾತಿನಲ್ಲಿ. ಹಿಡಿದ ಕೈ ಯಾರದೆಂದು ಕವಿ ಹೆಸರಿಸುವುದಿಲ್ಲ. ಗೋವಿಂದನದೋ, ಅರಿಕೇಸರಿಯದೋ?

ನಾಲ್ಕನೆಯ ಆಶ್ವಾಸದ ಈ ಪದ್ಯಗಳನ್ನು ಬಿಡಿಯಾಗಿ ಪಠ್ಯಗಳಿಗೆ ಆರಿಸುವ ಸಂಪಾದಕರು ಒಂಬತ್ತನೆಯ ಆಶ್ವಾಸದ ಗದ್ಯಭಾಗವನ್ನೂ ಪಕ್ಕದಲ್ಲಿ ಅಚ್ಚು ಮಾಡಬೇಕೆಂಬುದು ನಮ್ಮ ಕೋರಿಕೆ.